ಕೈಪಿಡಿಯ ಜಾಗಕ್ಕೆ ವಿಡಿಯೊ ಸಾಲದು

ಈಗ ಯಾರೂ ಓದುವುದಿಲ್ಲ, ಸ್ಕ್ರೀನ್ ರೆಕಾರ್ಡ್ ಮಾಡಿ ಒಂದು ವಿಡಿಯೊ ಹಾಕಿಬಿಡಿ. ಸಾಫ್ಟ್‌ವೇರ್ ತಯಾರಿಸುವವರ ನಡುವೆ ಈ ಮಾತಿಗೆ ಎದುರಾಡುವವರು ಇವತ್ತು ಸಿಗುವುದಿಲ್ಲ. ನಾನಿರುವ ಮಂಗಳಗಿರಿಯಲ್ಲಿ, ಪಾನಕಾಲ ನರಸಿಂಹಸ್ವಾಮಿಯ ಬೆಟ್ಟದ ಬುಡದಿಂದ ಹೆದ್ದಾರಿಯವರೆಗೆ ಎದ್ದಿರುವ ಐಟಿ ಕಚೇರಿಗಳಲ್ಲಿ ಇದೇ ಮಾತು. ವಿಜಯವಾಡ, ವಿಶಾಖಪಟ್ಟಣದಲ್ಲಿ ಇದೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲೂ ಇದೇ. ಕೆಲಸ ಒಪ್ಪಿಸುವ ಕೊನೆಯ ವಾರದಲ್ಲಿ ಯೂಸರ್ ಮ್ಯಾನ್ಯುಯಲ್ ನೆನಪಾಗುತ್ತದೆ. ಸಾಫ್ಟ್‌ವೇರನ್ನು ಚೆನ್ನಾಗಿ ಬಲ್ಲ ಹುಡುಗನೊಬ್ಬ ರೆಕಾರ್ಡರ್ ಚಾಲೂ ಮಾಡಿ, ಲಾಗಿನ್ ಆಗಿ, ಮೌಸ್ ಓಡಿಸುತ್ತ ಮಾತಾಡುತ್ತಾನೆ. ಅರ್ಧ ಗಂಟೆಯಲ್ಲಿ ಕಡತ ಸಿದ್ಧ. ಒಪ್ಪಿಸಬೇಕಾದವುಗಳ ಪಟ್ಟಿಯಲ್ಲಿ ಬಳಕೆದಾರರ ಕೈಪಿಡಿ ಎಂಬ ಸಾಲಿನ ಮುಂದೆ ಮುಗಿದಿದೆ ಎಂಬ ಗುರುತು ಬೀಳುತ್ತದೆ. ಮುಗಿದಿಲ್ಲ. ನನ್ನ ಪ್ರಕಾರ ಆ ಕೆಲಸ ಶುರುವೇ ಆಗಿಲ್ಲ.

ವಿಡಿಯೊ ಬೇಡವೇ ಬೇಡ ಎನ್ನುವುದು ನನ್ನ ವಾದವಲ್ಲ. ಇಂಕ್‌ಸ್ಕೇಪಿನಲ್ಲಿ ಒಂದು ಗೆರೆಯನ್ನು ಹೇಗೆ ಹಿಡಿದು ಬಾಗಿಸಬೇಕು, ಬ್ಲೆಂಡರಿನಲ್ಲಿ ಒಂದು ಆಕೃತಿಯನ್ನು ಹೇಗೆ ತಿರುಗಿಸಬೇಕು ಎಂಬುದನ್ನು ಹತ್ತು ಸಾಲು ಬರೆಯುವುದಕ್ಕಿಂತ ಹತ್ತು ಸೆಕೆಂಡು ತೋರಿಸುವುದು ಮೇಲು. ಕಂಪ್ಯೂಟರ್ ಎಂದರೆ ಅಂಜುವವರಿಗೆ ಬೇರೊಬ್ಬರು ಮಾಡುವುದನ್ನು ಒಮ್ಮೆ ಕಂಡರೆ ಧೈರ್ಯವೂ ಬರುತ್ತದೆ. ಅದನ್ನೆಲ್ಲ ಒಪ್ಪುತ್ತೇನೆ. ವಿಡಿಯೊ ಇದೆಯಲ್ಲ, ಇನ್ನು ಬರೆಯುವುದು ಯಾಕೆ ಎಂಬ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಆ ತೀರ್ಮಾನ ಅನುಕೂಲವಾಗಿರುವುದು ತಯಾರಕರಿಗೆ. ಅದರ ಬೆಲೆ ತೆರುವವರು ಬಳಸುವವರು.

ಕೈಪಿಡಿಯನ್ನು ಜನ ಹುಡುಕುವುದು ಯಾವಾಗ? ಊಟ ಮುಗಿಸಿ ಆರಾಮಾಗಿ ಕೂತಾಗ ಅಲ್ಲ. ಕೆಲಸದ ನಡುವೆ ಸಿಕ್ಕಿಕೊಂಡಾಗ. 2023ರಲ್ಲಿ ಕರ್ನಾಟಕದ ಉಪನೋಂದಣಿ ಕಚೇರಿಗಳಿಗೆ ಹಂತಹಂತವಾಗಿ ಬಂದ ಕಾವೇರಿ 2.0 ತಂತ್ರಾಂಶವನ್ನೇ ತೆಗೆದುಕೊಳ್ಳಿ. ಮೊದಲು ದಸ್ತಾವೇಜು ಬರಹಗಾರರು ಮತ್ತು ಕಚೇರಿಯ ಆಪರೇಟರುಗಳು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಈಗ ಕೊಳ್ಳುವವರ, ಮಾರುವವರ ಕೈಗೆ ಬಂದಿದೆ. ಕ್ರಯಪತ್ರದ ವಿವರ ತುಂಬಬೇಕು, ದಾಖಲೆ ಏರಿಸಬೇಕು, ಉಪನೋಂದಣಾಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಬೇಕು, ಆಮೇಲೆ ಕಚೇರಿಗೆ ಬರುವ ದಿನ ಗೊತ್ತುಮಾಡಿಕೊಳ್ಳಬೇಕು. ತುಮಕೂರಿನಲ್ಲೊಬ್ಬರು ಇದನ್ನೆಲ್ಲ ತುಂಬುತ್ತ ಬಂದು ಆಸ್ತಿಯ ಗುರುತಿನ ಸಂಖ್ಯೆ ಕೇಳುವ ಜಾಗದಲ್ಲಿ ನಿಂತುಬಿಟ್ಟರು ಎನ್ನಿ. ಅವರಿಗೆ ಬೇಕಾದದ್ದು ಒಂದೇ ಸಾಲು: ಈ ಸಂಖ್ಯೆ ಯಾವ ಕಾಗದದ ಮೇಲೆ ಎಲ್ಲಿರುತ್ತದೆ. ಆ ಸಾಲು ಹದಿನಾಲ್ಕು ನಿಮಿಷದ ವಿಡಿಯೊದ ಒಂಬತ್ತನೆಯ ನಿಮಿಷದಲ್ಲಿ ಇದೆಯೋ, ಹನ್ನೊಂದನೆಯದರಲ್ಲಿ ಇದೆಯೋ, ಇಲ್ಲವೇ ಇಲ್ಲವೋ ಎಂದು ತಿಳಿಯಲು ಬೆರಳಲ್ಲಿ ಹಿಂದೆ ಮುಂದೆ ತಳ್ಳುತ್ತ ಕೂರಬೇಕು. ಬರೆದ ಪುಟವಾದರೆ ಒಂದು ಪದ ಹುಡುಕಿದರೆ ಸಾಕು. ಇಲ್ಲದಿದ್ದರೆ ಇಲ್ಲ ಎಂದಾದರೂ ಕೂಡಲೇ ಗೊತ್ತಾಗುತ್ತದೆ.

ಕಂಪ್ಯೂಟರ್ ಕೊಠಡಿಯಲ್ಲಿ ಎರಡು ಮಾನಿಟರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಹೊಳೆಯದ ಇನ್ನೊಂದು ಕಷ್ಟವಿದೆ. ನಮ್ಮ ಹಳ್ಳಿಗಳ, ಸಣ್ಣ ಊರುಗಳ ಬಹುಪಾಲು ಮನೆಗಳಲ್ಲಿ ಇರುವ ಪರದೆ ಒಂದೇ, ಅದು ಫೋನು. ಅರ್ಜಿ ಇರುವುದೂ ಅದರಲ್ಲೇ, ವಿಡಿಯೊ ಇರುವುದೂ ಅದರಲ್ಲೇ. ವಿಡಿಯೊ ನೋಡಲು ಹೋದರೆ ಅರ್ಜಿ ಮರೆಯಾಗುತ್ತದೆ. ನೋಡಿ ಬರುವಷ್ಟರಲ್ಲಿ ಅವಧಿ ಮುಗಿದು ಮತ್ತೆ ಲಾಗಿನ್, ಮತ್ತೆ ಓಟಿಪಿ. ಅಗಲವಾದ ಮಾನಿಟರಿನ ಮೇಲೆ ಹಿಡಿದ ಚಿತ್ರವನ್ನು ಅಂಗೈಯಗಲದ ಗಾಜಿನ ಮೇಲೆ ನೋಡುವಾಗ ಬಟನಿನ ಮೇಲಿನ ಅಕ್ಷರ ಕಾಣುವುದೂ ಇಲ್ಲ. ಎರಡು ಸಾವಿರ ಕನ್ನಡ ಅಕ್ಷರಗಳ ಸೂಚನೆಗೆ ಯೂನಿಕೋಡಿನಲ್ಲಿ ಬೇಕಾದದ್ದು ಸುಮಾರು ಆರು ಕಿಲೋಬೈಟು. ಸಿಗ್ನಲ್ ಒಂದೇ ಗೆರೆ ಇರುವ ಊರಲ್ಲೂ ಅದು ತಲುಪುತ್ತದೆ. ಪ್ರಿಂಟ್ ಹಾಕಿ ನಾಡಕಚೇರಿಯ ಗೋಡೆಗೆ ಅಂಟಿಸಲೂ ಬರುತ್ತದೆ.

ಇವೆಲ್ಲ ಅನುಕೂಲದ ಮಾತು. ನನಗೆ ಹೆಚ್ಚು ಕಳವಳ ತರುವ ದೋಷ ವಿಡಿಯೊದ ಒಳಗೇ ಇದೆ. ರೆಕಾರ್ಡ್ ಮಾಡುವವನಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಅವನ ಆಧಾರ್‌ನಲ್ಲಿರುವ ಹೆಸರಿಗೂ ಪಹಣಿಯಲ್ಲಿರುವ ಹೆಸರಿಗೂ ವ್ಯತ್ಯಾಸವಿಲ್ಲ. ಓಟಿಪಿ ತಕ್ಷಣ ಬರುತ್ತದೆ. ಏರಿಸಿದ ಕಡತ ಮಿತಿಯೊಳಗಿರುತ್ತದೆ. ನಡುವೆ ಏನಾದರೂ ತಪ್ಪಿದರೆ ಆ ಭಾಗವನ್ನು ಕತ್ತರಿಸಿ ಮತ್ತೆ ರೆಕಾರ್ಡ್ ಮಾಡುತ್ತಾನೆ. ಹಾಗಾಗಿ ಬಳಸುವವರಿಗೆ ಯಾವ ಜಾಗ ಕಷ್ಟವೋ ಸರಿಯಾಗಿ ಅದೇ ಜಾಗ ವಿಡಿಯೊದಿಂದ ಅಳಿಸಿಹೋಗಿರುತ್ತದೆ. ಅಪ್ಪನ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವ ಲಕ್ಷಾಂತರ ಜನ ನಮ್ಮಲ್ಲಿದ್ದಾರೆ. ಹೆಸರು ಹೊಂದುತ್ತಿಲ್ಲ ಎಂಬ ಕೆಂಪು ಸಾಲು ಬಂದಾಗ ಏನು ಮಾಡಬೇಕು? ಕೈಪಿಡಿ ಬರೆಯಲು ಕೂತವರು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ, ಯಾಕೆಂದರೆ ‘ಹೆಸರು ನಮೂದಿಸಿ’ ಎಂದು ಬರೆದ ಮರುಕ್ಷಣ ‘ಯಾವ ದಾಖಲೆಯಲ್ಲಿರುವಂತೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಎದ್ದು ಹೋಗಿ ತಯಾರಿಸಿದವರನ್ನು ಕೇಳಬೇಕು. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ, ಆಗ ಸಾಫ್ಟ್‌ವೇರೇ ತಿದ್ದುಪಡಿಯಾಗುತ್ತದೆ. ಬರೆಯುವ ಕಸುಬಿನ ಈ ಉಪಕಾರವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪರದೆಯ ಮೇಲೆ ಮೌಸ್ ಓಡಿಸುವವರಿಗೆ ಅಂಥ ಪ್ರಶ್ನೆ ಹುಟ್ಟುವುದಿಲ್ಲ; ಜಾಗದಲ್ಲಿ ಏನೋ ಒಂದು ಹೆಸರು ಟೈಪ್ ಮಾಡಿ ಮುಂದೆ ಹೋಗುತ್ತಾರೆ.

ಇನ್ನು ಬದಲಾವಣೆಯ ವಿಚಾರ. ಸಾಫ್ಟ್‌ವೇರ್ ಒಂದೇ ರೂಪದಲ್ಲಿ ನಿಲ್ಲುವ ವಸ್ತುವಲ್ಲ. 2024ರ ಅಕ್ಟೋಬರಿನಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಅದರೊಂದಿಗೆ ಕಾವೇರಿ 2.0ರಲ್ಲಿ ಕ್ರಮ ಬದಲಾಯಿತು. ಅದಕ್ಕೂ ಮೊದಲು ಮಾಡಿದ ವಿಡಿಯೊಗಳೆಲ್ಲ ಆ ಹಂತಕ್ಕೆ ಬಂದಾಗ ತಪ್ಪು ದಾರಿ ಹೇಳುವಂತಾದವು. ಬೆಂಗಳೂರಿನಲ್ಲಿ ಇ-ಖಾತಾ ಪಡೆಯುವ ಬಗೆಯನ್ನು ತಿಳಿಸಲು ವಿಡಿಯೊಗಳು ಬಂದವು, ಖಾಸಗಿ ಚಾನೆಲ್ಲುಗಳಿಂದಂತೂ ರಾಶಿ ರಾಶಿ. ಒಂದು ವರ್ಷವೂ ತುಂಬುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಬಿಬಿಎಂಪಿ ಎಂಬ ಸಂಸ್ಥೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು. ಬರೆದ ಕೈಪಿಡಿಯಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ: ಸಂಸ್ಥೆಯ ಹೆಸರು ತಿದ್ದಿ, ಬದಲಾದ ಹಂತ ಸೇರಿಸಿ, ಮೇಲೆ ಹೊಸ ತಾರೀಖು ಹಾಕಿದರೆ ಆಯಿತು. ವಿಡಿಯೊವನ್ನು ಮೊದಲಿಂದ ಮಾಡಬೇಕು. ಮಾಡಿದರೂ ಕಷ್ಟ ತೀರುವುದಿಲ್ಲ. ಯೂಟ್ಯೂಬಿನಲ್ಲಿ ಹಳೆಯ ಲಿಂಕಿನಲ್ಲೇ ಹೊಸ ವಿಡಿಯೊ ಇಡುವ ಅವಕಾಶವಿಲ್ಲ; ಹೊಸದಕ್ಕೆ ಹೊಸ ಲಿಂಕು. ಹಳೆಯ ಲಿಂಕು ಸಾವಿರಾರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಹೆಚ್ಚು ಜನ ನೋಡಿದ್ದಾರೆ ಎಂಬ ಕಾರಣಕ್ಕೆ ಹುಡುಕಿದವರಿಗೆ ಅದೇ ಮೊದಲು ಸಿಗುವ ಸಂಭವವೂ ಇದೆ.

ನಮ್ಮವರು ಓದುವುದಿಲ್ಲ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಕನ್ನಡ ಗಣಕದ ಇತಿಹಾಸ ನೆನಪಾಗುತ್ತದೆ. 1998ರಲ್ಲಿ ಶೇಷಾದ್ರಿ ವಾಸು ‘ಬರಹ’ ತಂತ್ರಾಂಶವನ್ನು ಹೊರತಂದಾಗ ಯೂಟ್ಯೂಬ್ ಹುಟ್ಟಲು ಇನ್ನೂ ಏಳು ವರ್ಷವಿತ್ತು. ಅಮೆರಿಕದಲ್ಲಿದ್ದ ಕನ್ನಡಿಗರು, ಊರಿನಲ್ಲಿದ್ದ ಮೇಷ್ಟ್ರುಗಳು, ಪತ್ರಿಕೆಗೆ ಬರೆಯುವವರು ಅದರಲ್ಲಿ ಕನ್ನಡ ಟೈಪಿಸಲು ಕಲಿತದ್ದು ಇಂಗ್ಲಿಷ್ ಅಕ್ಷರಗಳಿಗೆ ಎದುರಾಗಿ ಕನ್ನಡ ಅಕ್ಷರಗಳನ್ನು ಕೊಟ್ಟ ಒಂದು ಕೋಷ್ಟಕದಿಂದ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅಳವಡಿಸಿಕೊಂಡ ಮೇಲೆ ಡಿಟಿಪಿ ಕೇಂದ್ರಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಅದರ ನಕ್ಷೆಯ ಜೆರಾಕ್ಸ್ ಪ್ರತಿಯನ್ನು ಮಾನಿಟರಿನ ಪಕ್ಕ ಅಂಟಿಸಿಕೊಂಡು ಜನ ಟೈಪಿಂಗ್ ಕಲಿತರು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು ಎಂಬುದು ಆ ಹಾಳೆಯಲ್ಲಿದ್ದ ಒಂದು ಸೂಚನೆ. ಮರೆತಾಗ ಕಣ್ಣು ಹೊರಳಿಸಿದರೆ ಸಿಗುತ್ತಿತ್ತು. ಕೈ ಪಳಗಿದ ಮೇಲೆ ಹಾಳೆ ಹರಿದುಹೋದರೂ ಯಾರೂ ಹುಡುಕಲಿಲ್ಲ. ಕನ್ನಡದ ಟೈಪಿಂಗ್ ಹರಡಿದ್ದು ಬರೆದ ಒಂದು ಪುಟದಿಂದ. ಇದನ್ನು ಮರೆತು, ನಮ್ಮ ಜನಕ್ಕೆ ಅಕ್ಷರ ಒಗ್ಗದು ಎಂದು ತೀರ್ಪು ಕೊಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಈ ಹೊತ್ತಿನ ಸಾಕ್ಷಿ ಬೇಕೆಂದರೆ ಮಂಗಳಗಿರಿಯಲ್ಲೇ ಇದೆ. ಆಂಧ್ರ ಸರ್ಕಾರ 2025ರ ಜನವರಿ 30ರಂದು ‘ಮನ ಮಿತ್ರ’ ಎಂಬ ವಾಟ್ಸ್ಆ್ಯಪ್ ಸೇವೆಯನ್ನು ಆರಂಭಿಸಿತು. ಮಂಗಳಗಿರಿಯ ಶಾಸಕರೂ ರಾಜ್ಯದ ಐಟಿ ಸಚಿವರೂ ಆದ ನಾರಾ ಲೋಕೇಶ್ ಅದರ ಮುಂಚೂಣಿಯಲ್ಲಿದ್ದರು. ಶುರುವಿನಲ್ಲೇ 161 ಸೇವೆಗಳು. ಅದು ನಡೆಯುವುದು ಅಕ್ಷರದ ಮೇಲೆ: ಒಂದು ಸಾಲು ಬರುತ್ತದೆ, ಆಯ್ಕೆ ಮಾಡುತ್ತೀರಿ, ಮುಂದಿನ ಸಾಲು ಬರುತ್ತದೆ. ಓದದ ಜನ ಇದನ್ನು ಹೇಗೆ ಬಳಸುತ್ತಾರೆ? ಓದುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ವಾಟ್ಸ್ಆ್ಯಪಿನಲ್ಲಿ ಓದುವುದನ್ನೇ ಮಾಡುತ್ತಾರೆ. ಅವರು ಓದದೆ ಬಿಡುವುದು ನೂರಿಪ್ಪತ್ತು ಪುಟದ, ಇಂಗ್ಲಿಷಿನ, ಮೊದಲ ಎಂಟು ಪುಟ ಮುನ್ನುಡಿಯಿರುವ ಪಿಡಿಎಫನ್ನು. ಅದನ್ನು ಯಾರೂ ಓದಬಾರದು ಕೂಡ.

ಐಬಿಎಂ ಸಂಶೋಧನಾ ಕೇಂದ್ರದ ಜಾನ್ ಕ್ಯಾರೊಲ್ 1980ರ ದಶಕದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಹೊಸದಾಗಿ ಕಂಪ್ಯೂಟರ್ ಕಲಿಯುವವರು ದಪ್ಪ ಕೈಪಿಡಿಗಳನ್ನು ಓದದೆ ನೇರವಾಗಿ ಕೀಲಿಗಳನ್ನು ಒತ್ತತೊಡಗುತ್ತಾರೆ ಎಂಬುದನ್ನು ಅವರು ಕಂಡರು. ಬರೆಯುವುದನ್ನೇ ಬಿಟ್ಟುಬಿಡಿ ಎಂದು ಅವರು ಹೇಳಲಿಲ್ಲ. ಕೈಪಿಡಿಯನ್ನು ಕತ್ತರಿಸಿ ಸಣ್ಣದು ಮಾಡಿದರು, ಪೀಠಿಕೆಗಳನ್ನು ತೆಗೆದರು, ನಿಜವಾದ ಕೆಲಸದಿಂದಲೇ ಆರಂಭಿಸಿದರು, ತಪ್ಪಾದಾಗ ಹೊರಬರುವ ದಾರಿಯನ್ನು ಬರೆದರು. ಜನ ಚೆನ್ನಾಗಿ ಕಲಿತರು. 1990ರಲ್ಲಿ ಬಂದ ಅವರ ಪುಸ್ತಕದಿಂದ ಇಡೀ ಕಸುಬಿನ ದಿಕ್ಕು ಬದಲಾಯಿತು. ಅದೇ ಸುಮಾರಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಪಾಮಿಟರ್ ಮತ್ತು ಜೇ ಎಲ್ಕರ್ಟನ್ ಇನ್ನೊಂದು ಪರೀಕ್ಷೆ ನಡೆಸಿದರು. ಹೈಪರ್‌ಕಾರ್ಡ್ ಎಂಬ ತಂತ್ರಾಂಶವನ್ನು ಕೆಲವರಿಗೆ ಪರದೆಯ ಮೇಲಿನ ಚಲಿಸುವ ಚಿತ್ರದಿಂದ, ಕೆಲವರಿಗೆ ಬರೆದ ಸೂಚನೆಯಿಂದ ಕಲಿಸಿದರು. ಕಲಿಯುವಾಗ ಚಿತ್ರ ಕಂಡವರೇ ಮುಂದು. ಏಳು ದಿನದ ಬಳಿಕ ಪರೀಕ್ಷಿಸಿದಾಗ ಆ ಮುನ್ನಡೆ ಉಳಿದಿರಲಿಲ್ಲ. ಓದಿ ಕಲಿತವರ ಕೈ ಚುರುಕಾಗಿತ್ತು. ಚಿತ್ರ ಕಂಡವರು ಕಂಡದ್ದನ್ನು ಹಾಗೆಯೇ ಅನುಕರಿಸಿದರೇ ಹೊರತು ಅದನ್ನು ಮನಸ್ಸಿನಲ್ಲಿ ಅರೆದು ತಮ್ಮದು ಮಾಡಿಕೊಳ್ಳಲಿಲ್ಲ ಎಂದು ಸಂಶೋಧಕರು ವಿವರಿಸಿದರು.

ಇದಕ್ಕೆ ಎದುರಾದ ಫಲಿತಾಂಶಗಳೂ ಇವೆ ಎಂಬುದನ್ನು ಮುಚ್ಚಿಡುವುದಿಲ್ಲ. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಹಾನ್ಸ್ ವಾನ್ ಡೆರ್ ಮೈ ಮಕ್ಕಳಿಗೆ ಸಾಫ್ಟ್‌ವೇರ್ ಕಲಿಸುವಲ್ಲಿ ವಿಡಿಯೊ ಚೆನ್ನಾಗಿ ಕೆಲಸ ಮಾಡುವುದನ್ನು ತೋರಿಸಿದ್ದಾರೆ. ಆದರೆ ಅವರ ವಿಡಿಯೊಗಳು ಯಾವಂಥವು? 2013ರಲ್ಲಿ ಅವರೇ ಪ್ರಕಟಿಸಿದ ಎಂಟು ಸೂತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ: ವಿಡಿಯೊ ಚಿಕ್ಕದಾಗಿರಬೇಕು, ಒಂದೊಂದಕ್ಕೂ ಹುಡುಕಲು ಬರುವ ಶೀರ್ಷಿಕೆ ಇರಬೇಕು, ನೋಡಿದ ಮೇಲೆ ಅಭ್ಯಾಸವಿರಬೇಕು. ಇಷ್ಟೆಲ್ಲ ಯೋಚಿಸಿ, ಬರೆದು, ತಿದ್ದಿ ಮಾಡಿದ ವಿಡಿಯೊಗೆ ಸಿಕ್ಕ ಮನ್ನಣೆಯನ್ನು ಕೊನೆಯ ವಾರದಲ್ಲಿ ಒಂದೇ ಉಸಿರಿಗೆ ಮಾಡಿದ ರೆಕಾರ್ಡಿಂಗಿಗೆ ಕೊಡಲಾಗದು.

ವಿಡಿಯೊ ಪಕ್ಷದವರು ನಮ್ಮ ದೇಶದಿಂದಲೇ ಕೊಡುವ ದೊಡ್ಡ ಉದಾಹರಣೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಈ ಯೋಜನೆ ಲಿಬ್ರೆಆಫೀಸ್, ಲಿನಕ್ಸ್, ಪೈಥಾನ್, ಸೈಲ್ಯಾಬ್ ಮುಂತಾದವನ್ನು ಸುಮಾರು ಹತ್ತು ನಿಮಿಷದ ಸ್ಕ್ರೀನ್ ರೆಕಾರ್ಡಿಂಗುಗಳಲ್ಲಿ ಕಲಿಸುತ್ತದೆ. ಕನ್ನಡದಲ್ಲೂ ಧ್ವನಿ ಇದೆ. ಎಷ್ಟೋ ಕಾಲೇಜು ಮಕ್ಕಳು ಇದರಿಂದ ಕಲಿತಿದ್ದಾರೆ. ನನಗೆ ಇದರ ಬಗ್ಗೆ ನಿಜವಾದ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ, ಈ ಯೋಜನೆ ವಿಡಿಯೊ ಪಕ್ಷದ ಸಾಕ್ಷಿಯಲ್ಲ, ನನ್ನ ಪಕ್ಷದ ಸಾಕ್ಷಿ. ಅಲ್ಲಿ ರೆಕಾರ್ಡರ್ ಒತ್ತುವುದು ಕೊನೆಗೆ. ಮೊದಲು ಪಾಠದ ರೂಪರೇಷೆ. ಆಮೇಲೆ ಎರಡು ಕಾಲಂಗಳ ಲಿಪಿ (ಸ್ಕ್ರಿಪ್ಟ್): ಒಂದರಲ್ಲಿ ಪರದೆಯ ಮೇಲೆ ಏನು ಕಾಣಬೇಕು, ಇನ್ನೊಂದರಲ್ಲಿ ಏನು ಹೇಳಬೇಕು. ಆ ಬರಹವನ್ನು ವಿಷಯ ಗೊತ್ತಿಲ್ಲದವರೊಬ್ಬರ ಕೈಗೆ ಕೊಟ್ಟು, ಅದನ್ನು ಮಾತ್ರ ಓದಿ ಕೆಲಸ ಮಾಡಲು ಆಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಎಲ್ಲ ಸರಿಯಾದ ಮೇಲೆ ಚಿತ್ರೀಕರಣ. ಕನ್ನಡ ಬರುವುದು ಹೇಗೆ? ವಿಡಿಯೊದಿಂದಲ್ಲ. ಇಂಗ್ಲಿಷ್ ಲಿಪಿಯನ್ನು ಕನ್ನಡಕ್ಕೆ ಅನುವಾದಿಸಿ, ಓದಿ, ಅದೇ ಚಿತ್ರದ ಮೇಲೆ ಕೂರಿಸುತ್ತಾರೆ. ಆ ಕನ್ನಡ ಲಿಪಿಗಳು, ಯಾವ ನಿಮಿಷಕ್ಕೆ ಯಾವ ಸಾಲು ಎಂಬ ಗುರುತಿನೊಂದಿಗೆ, ಯಾರು ಬೇಕಾದರೂ ಓದುವಂತೆ ಸಾರ್ವಜನಿಕವಾಗಿವೆ. ಅನುವಾದವಾಗದೆ ಉಳಿದದ್ದು ಪರದೆಯೊಂದೇ. ಮೆನುಗಳು, ಬಟನುಗಳು ಇಂಗ್ಲಿಷಿನಲ್ಲೇ ಇವೆ. ಅಂದರೆ ಬರೆದ ಭಾಗ ಕನ್ನಡವಾಯಿತು, ಚಿತ್ರದ ಭಾಗ ಆಗಲಿಲ್ಲ. ನಮ್ಮ ಕಚೇರಿಗಳು ಈ ಯೋಜನೆಯಿಂದ ಕಲಿತದ್ದು ಹತ್ತು ನಿಮಿಷದ ವಿಡಿಯೊ ಮಾಡುವುದನ್ನು ಮಾತ್ರ. ಅದರ ಹಿಂದಿನ ಬರವಣಿಗೆಯನ್ನು ಕೈಬಿಟ್ಟವು.

ಗಡಿಯ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಅಮರಾವತಿ, ಮಂಗಳಗಿರಿಯ ಸುತ್ತ ತೀರ್ಮಾನವಾಗುವ ಸಾಫ್ಟ್‌ವೇರ್ ಹೋಗಿ ತಲುಪುವುದು ಮಡಕಶಿರ, ರಾಯದುರ್ಗ, ಆದೋನಿಯವರೆಗೆ. ಅಲ್ಲಿ ಮನೆಮಾತು ಕನ್ನಡವಾದ ಕುಟುಂಬಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. 2019ರ ಅಕ್ಟೋಬರ್ 2ರಿಂದ ಆಂಧ್ರದ ಹಳ್ಳಿಹಳ್ಳಿಗೆ ಬಂದ ಗ್ರಾಮ ಸಚಿವಾಲಯಗಳಲ್ಲಿ ಡಿಜಿಟಲ್ ಅಸಿಸ್ಟೆಂಟ್ ಎಂಬ ನೌಕರರಿದ್ದಾರೆ. ಪ್ರಮಾಣಪತ್ರಗಳ ಅರ್ಜಿ ಅವರ ಕೈಯಿಂದಲೇ ಸಾಗುತ್ತದೆ. ಸೂಚನೆ ತೆಲುಗಿನಲ್ಲಿ ಬರೆದಿದ್ದರೆ ಮಡಕಶಿರದ ಮೇಷ್ಟ್ರೊಬ್ಬರು ಒಂದು ಸಂಜೆ ಕೂತು ಅದನ್ನು ಕನ್ನಡಕ್ಕೆ ತಂದುಬಿಡಬಹುದು. ತೆಲುಗಿನಲ್ಲಿ ಮಾತಾಡುವ ವಿಡಿಯೊವನ್ನು ಅವರು ಏನು ಮಾಡಬೇಕು? ಪರದೆಗೆ ಲಾಗಿನ್ ಇಲ್ಲ, ರೆಕಾರ್ಡ್ ಮಾಡುವ ಅಧಿಕಾರವಿಲ್ಲ. ಕಾಸರಗೋಡಿನಲ್ಲೂ ಸ್ಥಿತಿ ಇಂಥದ್ದೇ. ಕೇರಳದ ಸ್ಥಳೀಯ ಸಂಸ್ಥೆಗಳ ಸೇವೆಗಳು ಕೆ-ಸ್ಮಾರ್ಟ್ ತಂತ್ರಾಂಶಕ್ಕೆ ಬಂದಿವೆ. ಮಂಜೇಶ್ವರದ ಕನ್ನಡಿಗರ ಮುಂದೆ ಮಲಯಾಳದ ವಿಡಿಯೊ ಇಟ್ಟರೆ ಅವರ ಭಾಷಾ ಹಕ್ಕು ಆ ಪ್ಲೇ ಬಟನಿನಲ್ಲೇ ನಿಂತುಹೋಗುತ್ತದೆ. ಬರೆದ ಸೂಚನೆಯನ್ನು ನಾವೇ ನಮ್ಮ ಭಾಷೆಗೆ ತಂದುಕೊಳ್ಳಬಹುದು, ಸರ್ಕಾರ ತರಬೇಕೆಂದು ಅರ್ಜಿಯನ್ನೂ ಹಾಕಬಹುದು.

ನೋಡಿ ಕಲಿಯುವುದೇ ನಮ್ಮ ಸಂಪ್ರದಾಯ, ಕಸುಬುಗಳೆಲ್ಲ ಹಾಗೇ ಬಂದವು ಎಂದು ವಾದಿಸುವವರಿದ್ದಾರೆ. ಮಂಗಳಗಿರಿಯಲ್ಲಿ ಕೂತು ಈ ವಾದವನ್ನು ಒಪ್ಪುವುದು ಕಷ್ಟ. ಇಲ್ಲಿನ ನೇಕಾರರು ಗುಂಡಿಮಗ್ಗದ ಮೇಲೆ ನಿಜಾಂ ಅಂಚಿನ ಹತ್ತಿ ಸೀರೆ ನೇಯುವುದನ್ನು ಹುಡುಗರು ನೋಡಿಯೇ ಕಲಿಯುತ್ತಾರೆ, ನಿಜ. ಆದರೆ ಹುಡುಗ ಲಾಳಿ ತಪ್ಪಿ ಎಸೆದಾಗ ಪಕ್ಕದಲ್ಲಿರುವ ದೊಡ್ಡವರು ಕೈ ಹಿಡಿದು ನಿಲ್ಲಿಸುತ್ತಾರೆ. ಎಳೆ ಹರಿದಾಗ ಹೇಗೆ ಗಂಟು ಹಾಕಬೇಕೆಂದು ಆ ಕ್ಷಣದಲ್ಲೇ ತೋರಿಸುತ್ತಾರೆ. ಅವನು ಪ್ರಶ್ನೆ ಕೇಳಬಹುದು. ವರ್ಷಗಟ್ಟಲೆ ಆ ಸಾಮೀಪ್ಯ ನಡೆಯುತ್ತದೆ. ವಿಡಿಯೊ ಯಾರ ಕೈಯನ್ನೂ ಹಿಡಿಯುವುದಿಲ್ಲ, ನಾನೆಲ್ಲಿ ತಪ್ಪಿದೆ ಎಂದು ಅದಕ್ಕೆ ತಿಳಿಯುವುದೂ ಇಲ್ಲ. ಗುರು ಪಕ್ಕದಲ್ಲಿ ಇಲ್ಲದ ಜಾಗಕ್ಕೇ ಕೈಪಿಡಿ ಬೇಕಾಗಿರುವುದು. ತಪ್ಪಾದರೆ ಹೀಗೆ ಮಾಡು ಎಂಬ ಮಾತನ್ನು ಮೊದಲೇ ಬರೆದಿಡುವುದು ಆ ಸಾಮೀಪ್ಯಕ್ಕೆ ಇರುವ ಹತ್ತಿರದ ಬದಲಿ.

ಗಟ್ಟಿಯಾದ ಆಕ್ಷೇಪ ಒಂದಿದೆ: ಓದಲು ಬಾರದವರು ಏನು ಮಾಡಬೇಕು? 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75ರಷ್ಟು. ಅಂದರೆ ಆಗ ನಾಲ್ವರಲ್ಲಿ ಒಬ್ಬರಿಗೆ ಅಕ್ಷರವಿರಲಿಲ್ಲ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಓದಲು ಬಾರದವರ ಮುಂದಿರುವ ಅರ್ಜಿಯೂ ಅಕ್ಷರದಲ್ಲೇ ಇದೆಯಲ್ಲವೇ? ವಿಡಿಯೊ ಕಂಡು ದಾರಿ ತಿಳಿದರೂ ಖಾಲಿ ಜಾಗಗಳನ್ನು ಅವರು ತುಂಬಲಾರರು. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಹೆಣ್ಣುಮಕ್ಕಳು ಹೋಗಿ ಸಾಲು ನಿಂತದ್ದು ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳಲ್ಲಿ. ಅವರ ಪರವಾಗಿ ಕಂಪ್ಯೂಟರ್ ಮುಂದೆ ಕೂತದ್ದು ಓದು ಬಲ್ಲ ಆಪರೇಟರು. ಆ ಆಪರೇಟರಿಗೆ ಎದುರಿನ ಸಾಲು ಕರಗಿಸಲು ಬೇಕಾದದ್ದು ಕಣ್ಣೆದುರಿನ ಒಂದು ಪುಟ. ಸದ್ದು ಗದ್ದಲದ ನಡುವೆ ವಿಡಿಯೊ ಹಾಕಿಕೊಂಡು ಕೂತರೆ ಸಾಲು ಬೆಳೆಯುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬಹುದು, ಈಗಂತೂ ಫೋನೇ ಓದಿ ಹೇಳುತ್ತದೆ.

ಕಣ್ಣು ಕಾಣದವರ ಮಾತು ಬಂದಾಗ ನನಗೆ ಸಮಾಧಾನದ ದನಿಯಲ್ಲಿ ಬರೆಯಲಾಗುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಪರದೆ-ಓದುಗ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಅಂಧ ನೌಕರರು ಇಂಥ ತಂತ್ರಾಂಶಗಳ ನೆರವಿನಿಂದ ಕೆಲಸ ಮಾಡುತ್ತಿದ್ದಾರೆ. ಬರೆದ ಕೈಪಿಡಿ ಅವರಿಗೆ ಪೂರ್ತಿ ತೆರೆದಿರುತ್ತದೆ. ವಿಡಿಯೊ ಅವರಿಗೆ ಹೇಳುವುದು ‘ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇದನ್ನು ಆರಿಸಿ, ಈಗ ಹೀಗೆ ಬರುತ್ತದೆ ನೋಡಿ’ ಎಂದು. ಕಿವಿ ಕೇಳದವರಿಗೆ ಆ ಮಾತೂ ಇಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಮು ಮಾಹಿತಿಯನ್ನು ಎಲ್ಲರಿಗೂ ಎಟಕುವ ರೂಪದಲ್ಲಿ ಕೊಡುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಯಿಲ್ಲದವರು ತಂದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಇಷ್ಟಾದ ಮೇಲೂ ಮಾತಿನ ವಿವರಣೆಯಿಲ್ಲದ, ಲಿಪಿಯಿಲ್ಲದ ರೆಕಾರ್ಡಿಂಗ್ ಒಂದನ್ನೇ ಕೈಪಿಡಿ ಎಂದು ಒಪ್ಪಿಕೊಳ್ಳುವ ಇಲಾಖೆ ತನ್ನ ಪ್ರಜೆಗಳಲ್ಲಿ ಕೆಲವರನ್ನು ತಿಳಿದೂ ತಿಳಿದೂ ಹೊರಗಿಡುತ್ತಿದೆ.

ಖಾಸಗಿತನದ ಬಗ್ಗೆ ಒಂದು ಮಾತು. ರೆಕಾರ್ಡ್ ಮಾಡುವ ಆತುರದಲ್ಲಿ ನಿಜವಾದ ಅರ್ಜಿಯನ್ನೇ ತೆರೆಯುವುದುಂಟು. ಯಾರದೋ ಆಧಾರ್ ಸಂಖ್ಯೆ, ಫೋನ್ ನಂಬರು, ಸರ್ವೆ ನಂಬರು ಪರದೆಯ ಮೇಲೆ ಹಾದುಹೋಗುತ್ತವೆ. ಆಧಾರ್ ಕಾಯ್ದೆ ಸಂಖ್ಯೆಯನ್ನು ಹೀಗೆ ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ನಿಷೇಧಿಸಿದೆ. ಬರೆಯುವವರು ಮಾದರಿ ಹೆಸರು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ಇತ್ತೀಚೆಗೆ ಇನ್ನೊಂದು ಭರವಸೆ ಕೇಳಿಬರುತ್ತಿದೆ: ರೆಕಾರ್ಡ್ ಮಾಡಿ ಸಾಕು, ಅದರಿಂದ ಕೃತಕ ಬುದ್ಧಿಮತ್ತೆಯೇ ಕೈಪಿಡಿ ಬರೆದುಕೊಡುತ್ತದೆ. ಈ ಆಸೆ ಹೊಸದಲ್ಲ. 2009ರಲ್ಲಿ ಬಂದ ವಿಂಡೋಸ್ 7ರಲ್ಲೇ ಪ್ರಾಬ್ಲಮ್ ಸ್ಟೆಪ್ಸ್ ರೆಕಾರ್ಡರ್ ಎಂಬ ಸಾಧನವಿತ್ತು. ಪ್ರತಿ ಕ್ಲಿಕ್ಕಿಗೂ ಒಂದು ಚಿತ್ರ ಹಿಡಿದು, ಏನು ಒತ್ತಿದಿರಿ ಎಂದು ಒಂದು ಸಾಲು ಬರೆಯುತ್ತಿತ್ತು. ಈಗಿನವು ಅದಕ್ಕಿಂತ ಎಷ್ಟೋ ಜಾಣ. ಮೊದಲ ಕರಡಿಗೆ ಬಳಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆದರೆ ರೆಕಾರ್ಡಿನಲ್ಲಿ ಇಲ್ಲದ್ದು ಕರಡಿಗೂ ಬರುವುದಿಲ್ಲ. ಜಂಟಿ ಖಾತೆದಾರರಲ್ಲಿ ಒಬ್ಬರು ತೀರಿಕೊಂಡಿದ್ದರೆ ಯಾವ ಆಯ್ಕೆ, ಹಣ ಕಡಿತವಾಗಿ ರಸೀದಿ ಬಾರದಿದ್ದರೆ ಎಷ್ಟು ದಿನ ಕಾಯಬೇಕು, ಯಾರಿಗೆ ದೂರು ಕೊಡಬೇಕು ಎಂಬುದನ್ನು ಯಾವ ಕ್ಲಿಕ್ಕೂ ಹೇಳಿರುವುದಿಲ್ಲ. ಇಲಾಖೆಯ ನಿಯಮ ಓದಿ, ಸಹಾಯವಾಣಿಗೆ ಬಂದ ಕರೆಗಳನ್ನು ಕೇಳಿ, ಕೌಂಟರಿನ ಆಚೆ ನಿಂತವರೊಡನೆ ಮಾತಾಡಿ ಬರೆಯುವ ಮನುಷ್ಯರು ಬೇಕು. ಅಂಥವರನ್ನು ಗುರುತಿಸಿ, ಅವರ ಹೆಸರಿಗೆ ಸಂಬಳ ಇಡಬೇಕು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹೊರದೇಶದ ಗ್ರಾಹಕರಿಗಾಗಿ ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುವ ನುರಿತವರು ಎಷ್ಟೋ ಜನ ಇದ್ದಾರೆ. ಕನ್ನಡದಲ್ಲಿ ಕನ್ನಡಿಗರಿಗಾಗಿ ಬರೆಯುವ ಹುದ್ದೆ ಯಾವ ಇಲಾಖೆಯ ಪಟ್ಟಿಯಲ್ಲಿದೆ?

ಮಾಡಬೇಕಾದದ್ದನ್ನು ಟೆಂಡರಿನ ಭಾಷೆಯಲ್ಲೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಬರೆಯದ ಯಾವುದೂ ನಡೆಯುವುದಿಲ್ಲ. ಬಳಕೆದಾರರ ಕೈಪಿಡಿ ಎಂದರೆ ಕನ್ನಡದಲ್ಲಿ ಬರೆದ, ಹುಡುಕಲು ಬರುವ, ಯೂನಿಕೋಡ್ ಪಠ್ಯ. ಗಡಿ ಜಿಲ್ಲೆಗಳಿಗೆ ಹೋಗುವುದಾದರೆ ಅಲ್ಲಿನ ಭಾಷೆಯಲ್ಲೂ. ಪ್ರತಿ ಪುಟದ ಮೇಲೆ ಅದು ತಂತ್ರಾಂಶದ ಯಾವ ಆವೃತ್ತಿಗೆ ಸೇರಿದ್ದು, ಯಾವಾಗ ತಿದ್ದಿದ್ದು ಎಂಬ ನಮೂದು ಇರಬೇಕು. ಪರದೆಯ ಮೇಲೆ ಬರಬಹುದಾದ ಪ್ರತಿ ದೋಷ ಸಂದೇಶಕ್ಕೂ ಪರಿಹಾರ ಬರೆದಿರಬೇಕು. ವಿಡಿಯೊ ಮಾಡುವುದಿದ್ದರೆ ಆ ಪಠ್ಯವನ್ನೇ ಲಿಪಿಯಾಗಿಟ್ಟುಕೊಂಡು, ಮೂರು ನಿಮಿಷ ಮೀರದಂತೆ, ಪಠ್ಯದ ಪಕ್ಕದಲ್ಲಿಡಲು ಮಾಡಬೇಕು. ಒಪ್ಪಿಸುವ ಮೊದಲು, ಆ ತಂತ್ರಾಂಶವನ್ನು ಹಿಂದೆಂದೂ ಕಂಡಿರದ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರನ್ನು ಕೂರಿಸಿ, ಕೈಪಿಡಿಯೊಂದನ್ನೇ ಕೊಟ್ಟು, ಒಂದು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಮುಗಿಸಲು ಹೇಳಬೇಕು. ಪಕ್ಕದಲ್ಲಿ ನಿಂತು ಯಾರೂ ಬಾಯಿ ಬಿಡಕೂಡದು. ಅವರು ಯಾವ ಸಾಲಿನ ಹತ್ತಿರ ನಿಂತರೋ ಆ ಸಾಲನ್ನು ತಿದ್ದಿ, ಇನ್ನೊಂದು ಕಚೇರಿಯ ಇನ್ನೊಬ್ಬರಿಗೆ ಕೊಡಬೇಕು. ಅವರೂ ಯಾರನ್ನೂ ಕೇಳದೆ ಕೆಲಸ ಮುಗಿಸುವವರೆಗೆ ಗುತ್ತಿಗೆಯ ಕೊನೆಯ ಕಂತಿನ ಹಣ ಬಿಡುಗಡೆಯಾಗಕೂಡದು.